ಪಾದವನ್ನು ನೋಯಿಸುವ ಪಾದರಕ್ಷೆ

ಬೆಂಗಳೂರಿನ ಬಿಟಿಎಂ ಲೇಔಟಿನ ತಾವರೆಕೆರೆ ಮುಖ್ಯರಸ್ತೆಯ ಬದಿಯಲ್ಲಿ ಕುಳಿತು ಚಪ್ಪಲಿ ಹೊಲಿಯುವವರ ಮುಂದೆ ರಿಪೇರಿಗೆಂದು ಬಿಟ್ಟುಹೋದ ಹೀಲ್ಸ್ ಜೋಡೊಂದನ್ನು ಕೈಗೆತ್ತಿಕೊಂಡು ನೋಡಿದರೆ, ಹಿಮ್ಮಡಿ ಊರುವೆಡೆಯ ಅಟ್ಟೆ ಇನ್ನೂ ಹೊಸದರಂತೆ ಹೊಳೆಯುತ್ತಿರುವಾಗಲೇ ಬೆರಳುಗಳ ಬುಡ ತಾಗುವ ಭಾಗ ಕಪ್ಪಿಟ್ಟು ತಗ್ಗುಬಿದ್ದಿರುವುದೂ, ಹೆಬ್ಬೆರಳಿನ ಗೆಣ್ಣಿಗೆದುರಾದ ಚರ್ಮ ಹೊರಕ್ಕೆ ಉಬ್ಬಿ ಬಿರಿದಿರುವುದೂ ಕಾಣುತ್ತದೆ. ದೇಹದ ಭಾರ ತನ್ನ ಸಹಜಸ್ಥಾನವನ್ನು ತೊರೆದು ಎಲ್ಲಿಗೆ ಸರಿಯಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಮಾನವನ ಒಂದೊಂದು ಪಾದದಲ್ಲಿಯೂ ಇರುವ 26 ಮೂಳೆಗಳು ಕಮಾನಾಗಿ ಜೋಡಣೆಗೊಂಡು ದೇಹದ ಭಾರವನ್ನು ಹಿಮ್ಮಡಿಗೂ ಮುಂಗಾಲಿಗೂ ಹಂಚುತ್ತವೆ. ಹಿಮ್ಮಡಿಯನ್ನು ಎತ್ತರಿಸಿದೊಡನೆ ಈ ಹಂಚಿಕೆ ಕೆಟ್ಟು ಹೆಚ್ಚಿನ ಹೊರೆ ಮುಂಗಾಲಿನ ಮೇಲೆ ಬೀಳುತ್ತದೆ. ಜೋಡಿನ ತುದಿಯೂ ಚೂಪಾಗಿದ್ದರೆ, ಇಳಿಜಾರಿನಲ್ಲಿ ಜಾರಿಬಂದ ಬೆರಳುಗಳು ಒಂದನ್ನೊಂದು ಒತ್ತಿ, ಹೆಬ್ಬೆರಳು ವರ್ಷವರ್ಷಕ್ಕೂ ನೆರೆಯ ಬೆರಳಿನತ್ತ ವಾಲಿ, ಅದರ ಬುಡದ ಗೆಣ್ಣು ಗಂಟಿನಂತೆ ಹೊರಚಾಚುತ್ತದೆ. ಈ ವಿಕಾರಕ್ಕೆ ವಂಶಪಾರಂಪರ್ಯವೂ ಕಾರಣವುಂಟು. ಆದರೆ ಇಕ್ಕಟ್ಟಾದ ಜೋಡು ಅದನ್ನು ಉಲ್ಬಣಗೊಳಿಸುತ್ತದೆ. ಉಜ್ಜಿದಲ್ಲಿ ಆಣಿ ಏಳುತ್ತದೆ. ಬೆರಳುಗಳ ನಡುವಿನ ನರ ಅದುಮಿಸಿಕೊಂಡು ದಪ್ಪವಾಗಿ, ಹೆಜ್ಜೆಯಿಟ್ಟಾಗಲೆಲ್ಲ ಚುಚ್ಚುತ್ತದೆ. 5 ಸೆಂಟಿಮೀಟರಾದರೂ ಎತ್ತರದ ಹೀಲ್ಸನ್ನು ವರ್ಷಗಟ್ಟಲೆ ನಿತ್ಯವೂ ತೊಟ್ಟ ಸ್ತ್ರೀಯರ ಮೀನಖಂಡದ ಸ್ನಾಯುತಂತುಗಳು ಉಳಿದವರವುಗಳಿಗಿಂತ ಶೇಕಡ 13ರಷ್ಟು ಗಿಡ್ಡವಾಗಿದ್ದುವೆಂದು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು. ಅಂಥವರು ಮನೆಗೆ ಬಂದು ಬರಿಗಾಲಲ್ಲಿ ನಿಂತರೆ ಮೀನಖಂಡ ಸೆಳೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದಕ್ಕೆಲ್ಲ ತರುಣಿಯರ ಅಲಂಕಾರಪ್ರಿಯತೆಯನ್ನು ದೂಷಿಸುವುದು ಅನ್ಯಾಯ. ಪಿಜಿಯಿಂದ ಹೊರಟು, ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳ ಸಂದಿಗೆ ಹಿಮ್ಮಡಿ ಸಿಕ್ಕದಂತೆ ಎಚ್ಚರದಿಂದ ಕಾಲಿಡುತ್ತ ಸಿಲ್ಕ್ ಬೋರ್ಡಿನತ್ತ ನಡೆಯುವ ಹುಡುಗಿಗೂ, ಚೂಪುಮೂತಿಯ ಬೂಟಿನಲ್ಲಿ ಬೆರಳು ಮಡಿಸಿಕೊಂಡ ಹುಡುಗನಿಗೂ, ಕೆಲಸದ ಜಾಗದಲ್ಲಿ ಅಂದವಾಗಿ ಕಾಣಲೇಬೇಕೆಂಬ ಬರೆಯದ ಕಟ್ಟಳೆ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯ 2017ರಲ್ಲಿ, ನೌಕರಿಯ ಸ್ಥಳದಲ್ಲಿ ಹೀಲ್ಸನ್ನು ಕಡ್ಡಾಯಗೊಳಿಸುವುದನ್ನೇ ನಿಷೇಧಿಸಿತು. ಕೇರಳ 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ದಿನವಿಡೀ ನಿಂತೇ ದುಡಿಯುವ ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಿಂದ ಕೊಟ್ಟುವು. ಬಿಟಿಎಂನ ಒಂದೊಂದು ಬಟ್ಟೆಯಂಗಡಿಯ ಕೌಂಟರಿನ ಹಿಂದೆಯೂ ಒಂದು ಸ್ಟೂಲು ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಚೆಲುವು ಬೇಕೆನ್ನುವವರಿಗೆ ನಮ್ಮ ಅಥಣಿಯ ಚಪ್ಪಲಿಯಿದೆ. ಹೊಸದರಲ್ಲಿ ಅದೂ ಕಚ್ಚುತ್ತದೆ, ಎಣ್ಣೆ ಸವರಿ ಮೆತ್ತಗೆ ಮಾಡಿಕೊಳ್ಳಬೇಕು; ಆದರೆ ಬೆರಳುಗಳನ್ನು ಅದು ಸೆರೆಯಲ್ಲಿಡುವುದಿಲ್ಲ. ಯಾವುದನ್ನು ಕೊಳ್ಳುವುದಾದರೂ, ಜಯನಗರ ನಾಲ್ಕನೆಯ ಬ್ಲಾಕಿನ ಅಂಗಡಿಗಳಿಗೆ ಸಂಜೆ ಹೋಗುವುದು ಲೇಸು, ಏಕೆಂದರೆ ದಿನವಿಡೀ ಓಡಾಡಿದ ಕಾಲು ಬೆಳಗಿಗಿಂತ ಕೊಂಚ ಊದಿರುತ್ತದೆ. ಮನೆಯಲ್ಲಿಯೇ ಕಾಗದದ ಮೇಲೆ ನಿಂತು ಪಾದದ ಅಂಚನ್ನು ಪೆನ್ಸಿಲ್ಲಿನಿಂದ ಬರೆದುಕೊಂಡು ಹೋಗಿ, ಅಂಗಡಿಯವರು ತೋರಿಸಿದ ಜೋಡನ್ನು ಅದರ ಮೇಲಿಟ್ಟು ನೋಡಿದರೆ, ಗೆರೆ ಹೊರಗೆ ಉಳಿಯುವಂಥದನ್ನು ಕಾಲಿಗೆ ತೊಟ್ಟುನೋಡುವ ಅಗತ್ಯವೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗಂತೂ ಚಪ್ಪಲಿ ಕಚ್ಚಿದ್ದೇ ತಿಳಿಯದೆ ಹುಣ್ಣಾಗುವುದುಂಟು. ಅವರು ಪ್ರತಿರಾತ್ರಿಯೂ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಿಕೊಳ್ಳಬೇಕು.