ಮಗು ನೋಡ್ಕೊಳ್ಳೋ ಮನೆ, ತಡವಾಗೋ ಫೀಸು: ಕೇಳೋದು ಹೇಗೆ, ಬರೆದಿಡೋದು ಏನು?

ಇವತ್ತಿನ ಎಪಿಸೋಡ್ ನಮ್ಮ ಚಿಕ್ಕಮ್ಮನ ಮನೆಯಿಂದಲೇ ಶುರು. ಅವರು ಲಗ್ಗೆರೆಯಲ್ಲಿ, ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ತಾಯಂದಿರ ಏಳು ಮಕ್ಕಳನ್ನ ಮನೆಯಲ್ಲೇ ನೋಡ್ಕೋತಾರೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕಳೆದ ವರ್ಷ ಒಂದು ತಿಂಗಳು 15ನೇ ತಾರೀಖಾದ್ರೂ ಮೂರು ಮನೆಯವರ ಫೀಸು ಬಂದಿರಲಿಲ್ಲ. ಚೀಟಿಗೆ ಅಂತ ಎತ್ತಿಟ್ಟಿದ್ದ ದುಡ್ಡಲ್ಲೇ ಬಾಡಿಗೆ ಕಟ್ಟಿದ್ರು. "ಕೇಳೋಕೆ ಬಾಯೇ ಬರಲ್ಲ ಕಣೋ, ಅವರ ಮಗು ನನ್ನ ತೊಡೆ ಮೇಲೇ ಮಲಗಿರುತ್ತೆ" ಅಂದ್ರು.

ಬಿ.ಕಾಂ ಓದಿದೀನಲ್ಲ, ಲೆಕ್ಕ ನೋಡೋಣ ಅಂತ ಕೂತೆ. ಗೋಡೆ ಕ್ಯಾಲೆಂಡರ್ ಮೇಲಿನ ಟಿಕ್ ಬಿಟ್ರೆ ಲೆಕ್ಕವೇ ಇರಲಿಲ್ಲ.

ಮೊದಲನೇದು, ತಾರೀಖು. ಚಿಕ್ಕಮ್ಮ ಕೇಳ್ತಿದ್ದದ್ದು 1ನೇ ತಾರೀಖು. ಆದ್ರೆ 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿದ್ದ ಕಡೆ ಸಂಬಳದ ಗಡುವು 7, ಉಳಿದ ಕಡೆ 10. 2019ರ ವೇತನ ಸಂಹಿತೆ ಎಲ್ಲ ಕಡೆಗೂ 7 ಅನ್ನುತ್ತೆ. ಸಂಬಳವೇ ಆಗದವರನ್ನ ಕೇಳಿ ಇಬ್ಬರಿಗೂ ಬೇಜಾರು! ಈಗ ಫ್ಯಾಕ್ಟರಿ ಮನೆಗಳಿಗೆ 10ನೇ ತಾರೀಖು ಅಂತ ಮಾಡಿದೀವಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ತಿಂಗಳ ಕೊನೆಗೇ ಸಂಬಳ ಆಗೋ ಪೋಷಕರಾದ್ರೆ 5 ಸಾಕು. ಜೊತೆಗೆ ಸೇರುವಾಗಲೇ ಅರ್ಧ ತಿಂಗಳ ಅಡ್ವಾನ್ಸ್.

ಎರಡನೇದು, ಒಂದು ಪುಟದ ಕಾಗದ. ಫೀಸು, ತಾರೀಖು, ಅಡ್ವಾನ್ಸ್, ಬಿಟ್ಟುಹೋಗೋ ಮತ್ತು ಕರ್ಕೊಂಡು ಹೋಗೋ ಸಮಯ, ಓಟಿ ದಿನ ತಡವಾದ್ರೆ ಗಂಟೆಗೆ ಎಷ್ಟು, ಹಬ್ಬಕ್ಕೆ ಊರಿಗೆ ಹೋದ್ರೆ ಫೀಸು ಇದೆಯಾ ಇಲ್ವಾ, ಬಿಡೋದಾದ್ರೆ ಎಷ್ಟು ದಿನ ಮುಂಚೆ ಹೇಳಬೇಕು. ಮಗುವನ್ನ ಯಾರು ಕರ್ಕೊಂಡು ಹೋಗಬಹುದು, ಯಾವ ಔಷಧಿ ಆಗಲ್ಲ ಅನ್ನೋದೂ ಇರಲಿ. ಕನ್ನಡ ಓದಕ್ಕೆ ಬಾರದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಎರಡು ಪ್ರತಿ, ಎರಡಕ್ಕೂ ಇಬ್ಬರ ಸಹಿ.

ಮೂರನೇದು, ರಸೀದಿ. ಒಂದು ರಸೀದಿ ಪುಸ್ತಕ ತಗೊಳ್ಳಿ. 5,000 ರೂಪಾಯಿಗಿಂತ ಹೆಚ್ಚು ಕ್ಯಾಶ್ ತಗೊಂಡ್ರೆ 1 ರೂಪಾಯಿ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಹಾಕಬೇಕು. ಯುಪಿಐ ಆದ್ರೆ "ಜೂನ್ ಫೀಸು" ಅಂತ ನೋಟ್ ಹಾಕೋಕೆ ಹೇಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಅಂಗಡಿಗಳಲ್ಲಿ "ಕ್ಯಾಶ್ ಮಾತ್ರ" ಬೋರ್ಡ್ ಬಂತು. ಚಿಕ್ಕಮ್ಮನೂ ಹೆದರಿದ್ರು. ಲೆಕ್ಕ ಹಾಕಿ: 4,000 ಗುಣಿಸು 7 ಮಕ್ಕಳು, ಗುಣಿಸು 12 ತಿಂಗಳು. 3,36,000. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಹೆದರೋ ಮಾತೇ ಇಲ್ಲ. ಆ ಯುಪಿಐ ದಾಖಲೆಯೇ ನಿಮಗೆ ಸಾಕ್ಷಿ.

ಕೊನೇದು, ಕೇಳೋ ರೀತಿ. ಬಾಗಿಲಲ್ಲಿ ಮಗುವಿನ ಮುಂದೆ ಬೇಡ, ವಾಟ್ಸ್ಆ್ಯಪ್ ಗ್ರೂಪಲ್ಲಂತೂ ಬೇಡವೇ ಬೇಡ. ಅವರೊಬ್ಬರಿಗೇ ಮೆಸೇಜ್ ಹಾಕಿ: "ಜೂನ್ ಫೀಸು 4,000, 10ನೇ ತಾರೀಖು ಕೊಡಬೇಕಿತ್ತು. ಯಾವತ್ತು ಕೊಡ್ತೀಯ ಹೇಳಮ್ಮ." ಕಷ್ಟ ಅಂದ್ರೆ ಎರಡು ಕಂತು ಮಾಡಿ, ಅದನ್ನೂ ಬರೆದಿಡಿ. ಬೆಳಗ್ಗೆ ಮಗು ಕರ್ಕೊಂಡು ಬಂದವರನ್ನ "ದುಡ್ಡಿಲ್ದೆ ಬರಬೇಡ" ಅಂತ ವಾಪಸ್ ಕಳಿಸಬೇಡಿ. ಆ ತಾಯಿಗೆ ಅವತ್ತಿನ ಕೂಲಿಯೂ ಹೋಗುತ್ತೆ, ನಿಮ್ಮ ಫೀಸು ಇನ್ನೂ ದೂರ ಹೋಗುತ್ತೆ. ನಿಲ್ಲಿಸಲೇಬೇಕಾದ್ರೆ ಕಾಗದದಲ್ಲಿರೋಷ್ಟು ದಿನ ಮುಂಚೆ ಹೇಳಿ.

ಆ ಮೂರು ಮನೆಯಲ್ಲಿ ಒಬ್ಬರು ತಿಂಗಳ ಕೊನೆಗೆ ಕೊಟ್ರು. ಇನ್ನೊಬ್ಬರಿಗೆ ಸಂಬಳವೇ ತಡವಾಗಿತ್ತು; ಎರಡು ಕಂತಲ್ಲಿ ಕೊಟ್ರು, ಮಗು ಈಗಲೂ ಬರ್ತಾನೆ. ಮೂರನೆಯವರು ಮನೆ ಖಾಲಿ ಮಾಡಿ ಊರಿಗೆ ಹೋದ್ರು. ಆ 4,000 ಬರಲೇ ಇಲ್ಲ. ಆಗ ಕಾಗದವೂ ಇರಲಿಲ್ಲ, ಅಡ್ವಾನ್ಸೂ ಇರಲಿಲ್ಲ.

ಬರೆದಿಡೋದು ಅಂದ್ರೆ ಅಪನಂಬಿಕೆ ಅಲ್ಲ. ಪ್ರತಿ ತಿಂಗಳು ಮುಜುಗರ ಪಡೋ ಬದಲು ಒಂದೇ ಸಲ ಮಾತಾಡಿ ಮುಗಿಸೋದು. ನಿಮ್ಮ ಬೀದಿಯಲ್ಲೂ ಇಂಥ ಅಕ್ಕ, ಆಂಟಿ ಇದ್ರೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.