ನಗಿಸಿದವನೇ ಗೆದ್ದ

1981ರ ಡಿಸೆಂಬರ್. ನ್ಯೂಯಾರ್ಕಿನ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನ ಜನಕ್ಕೆ ರ‍್ಯಾಪರ್ ಬಿಝಿ ಬೀ ಎಂದರೆ ಅಚ್ಚುಮೆಚ್ಚು. ಅವನದು ಪದ್ಯಕ್ಕಿಂತ ಚೇಷ್ಟೆ ಹೆಚ್ಚು: ತಾನೊಂದು ಕೂಗುವುದು, ಸಭೆಯಿಂದ ಮರುಕೂಗು ಹಾಕಿಸುವುದು, ನಡುವೆ ಒಂದಿಷ್ಟು ತಮಾಷೆ. ಆ ರಾತ್ರಿ ಅವನ ನಂತರ ಮೈಕ್ ಹಿಡಿದ ಕೂಲ್ ಮೋ ಡೀ ಆ ಚೇಷ್ಟೆಯನ್ನೇ ಲೇವಡಿಗೆ ಎಳೆದುಕೊಂಡ. ಪ್ರಾಸದ ಮೇಲೆ ಪ್ರಾಸ ಪೇರಿಸಿ, ಇವನಿಗೆ ಬರುವುದು ಇಷ್ಟೇ, ಅದೂ ಎರವಲು ಎಂದು ಸಾರಿದ. ಮನರಂಜನೆಯನ್ನು ಕಾವ್ಯ ಸೋಲಿಸಿದ ರಾತ್ರಿ ಎಂದು ಹಿಪ್-ಹಾಪ್ ಬಲ್ಲವರು ಇದನ್ನು ನೆನೆಯುತ್ತಾರೆ. ನನಗೆ ಅದು ಅರ್ಧಸತ್ಯವೆನಿಸುತ್ತದೆ. ಬಿಝಿ ಬೀ ಜೊತೆ ನಗುತ್ತಿದ್ದವರು ಈಗ ಅವನನ್ನು ನೋಡಿ ನಕ್ಕರು. ನಗು ಸೋಲಲಿಲ್ಲ, ಪಕ್ಷ ಬದಲಿಸಿತು.

ಇಬ್ಬರು ಎದುರುಬದುರು ನಿಂತು, ಸಾಮಾನ್ಯವಾಗಿ ಮೂರು ಸುತ್ತು, ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಹೀಯಾಳಿಸುವುದು ಬ್ಯಾಟಲ್ ರ‍್ಯಾಪ್. ಮೊದಲೆಲ್ಲ ಹಿನ್ನೆಲೆಗೆ ಬೀಟ್ ಇರುತ್ತಿತ್ತು, ಸಾಲುಗಳನ್ನು ನಿಂತಲ್ಲೇ ಕಟ್ಟುವವನೇ ಜಾಣ. 2008-09ರ ಹೊತ್ತಿಗೆ ಶುರುವಾದ ಕೆನಡಾದ ಕಿಂಗ್ ಆಫ್ ದ ಡಾಟ್, ಬ್ರಿಟನ್ನಿನ ಡೋಂಟ್ ಫ್ಲಾಪ್, ನ್ಯೂಯಾರ್ಕಿನ ಯುಆರ್‌ಎಲ್ ಮೊದಲಾದ ಲೀಗುಗಳಲ್ಲಿ ಬೀಟಿಲ್ಲದೆ, ಮನೆಯಲ್ಲೇ ಬರೆದು ಬಾಯಿಪಾಠ ಮಾಡಿಕೊಂಡು ಬರುವುದು ರೂಢಿಯಾಯಿತು. ಬೀಟ್ ಹೋದಮೇಲೆ ಲಯ ಸಭಿಕರ ಕೈಗೆ ಬಂತು. ಪಂಚ್‌ಲೈನ್ ನಾಟಿದರೆ ಹುಯಿಲು, ಕೇಕೆ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಕುಣಿತ. ಅದು ಇಳಿಯುವ ತನಕ ರ‍್ಯಾಪರ್ ಕಾಯಬೇಕು. ಅವಸರಪಟ್ಟರೆ ಮುಂದಿನ ಸಾಲು ಗದ್ದಲದಲ್ಲಿ ಮುಳುಗುತ್ತದೆ. ಪಳಗಿದವರು ಮುಳುಗಿದ್ದನ್ನು ಮೊದಲಿನಿಂದ ಮತ್ತೆ ಹೇಳುತ್ತಾರೆ. ಕಾದರೂ ನಗು ಬರದಿದ್ದರೆ? ಹಿಂದೆ ಆ ಖಾಲಿ ಜಾಗವನ್ನು ಡ್ರಮ್ ತುಂಬುತ್ತಿತ್ತು. ಈಗ ತುಂಬುವುದು ಎದುರಾಳಿಯ ಕಿಸಕ್ಕೆನ್ನುವ ನಗು.

ಎಮಿನೆಮ್ ನಟಿಸಿದ 2002ರ 'ಎಯ್ಟ್ ಮೈಲ್' ಸಿನಿಮಾದ ಕೊನೆಯ ಪಂದ್ಯ ನೋಡಿ, ಎದುರಾಳಿಗೆ ನಗಲು ಏನೂ ಉಳಿಸದ ಜಾಣ್ಮೆ ಅಲ್ಲಿದೆ. ತಾನು ಬಿಳಿಯ, ಬಡವ, ಅಮ್ಮನ ಜೊತೆ ಟ್ರೇಲರ್ ಮನೆಯಲ್ಲಿರುವವನು ಎಂದು ನಾಯಕ ತನ್ನ ಹುಳುಕುಗಳನ್ನೆಲ್ಲ ತಾನೇ ಹೇಳಿ ಮುಗಿಸುತ್ತಾನೆ. ಆಮೇಲೆ ಪುಂಡನಂತೆ ಮೆರೆಯುವ ಎದುರಾಳಿ ಓದಿದ್ದು ದುಬಾರಿ ಖಾಸಗಿ ಶಾಲೆಯಲ್ಲಿ, ಅವನ ಅಪ್ಪ-ಅಮ್ಮ ಅನ್ಯೋನ್ಯವಾಗಿದ್ದಾರೆ ಎಂದು ಬಯಲು ಮಾಡುತ್ತಾನೆ! ಸುಖಸಂಸಾರದಲ್ಲಿ ಹುಟ್ಟಿದ್ದೇ ಮಾನ ಹೋಗುವ ಸಂಗತಿಯಾಗುವುದು ಈ ಕಣದಲ್ಲಿ ಮಾತ್ರ. ಎದುರಾಳಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಮೈಕ್ ಕೈಯಲ್ಲಿದ್ದೂ ಬಾಯಿ ಕಟ್ಟುತ್ತದೆ.

ನಿಜದ ವೇದಿಕೆಯಲ್ಲಿ ಬಾಯಿ ಕಟ್ಟುವುದು ಇನ್ನೂ ಕ್ರೂರ. 2012ರಲ್ಲಿ ಲಾಸ್ ಏಂಜಲೀಸಿನಲ್ಲಿ ಡಿಝಾಸ್ಟರ್ ಎಂಬ ರ‍್ಯಾಪರ್ ವಿರುದ್ಧ ನಿಂತ ಕ್ಯಾನಿಬಸ್, ತೊಂಬತ್ತರ ದಶಕದಲ್ಲಿ ಘಟಾನುಘಟಿಗಳಿಗೆ ಸವಾಲು ಹಾಕಿದ್ದವನು. ಆ ದಿನ ನಡುವೆ ತಡವರಿಸಿದ, ಸೋಲೊಪ್ಪಿಕೊಂಡ, ಆಮೇಲೆ ನೋಟ್‌ಬುಕ್ ತೆಗೆದು ಓದತೊಡಗಿದ. ಆ ವಿಡಿಯೊ ನೋಡಿ ರ‍್ಯಾಪ್ ಲೋಕವೆಲ್ಲ ನಕ್ಕಿತು, ಆದರೆ ಯಾರೂ ಬರೆಯದ ಜೋಕಿಗೆ.

ಇದೇ ಬಗೆಯ ಪಂದ್ಯ ನಡೆಸುವ ಫಿಲಿಪ್ಪೀನ್ಸಿನ ಲೀಗ್ ಫ್ಲಿಪ್‌ಟಾಪ್ 2010ರಲ್ಲಿ ಶುರುವಾದದ್ದು. ಅಲ್ಲಿ 1924ರಿಂದಲೇ ಬಲಗ್ತಾಸನ್ ಎಂಬ ಪದ್ಯವಾದವಿತ್ತು, ಹಾಗಾಗಿ ಪ್ರಾಸದ ಜಗಳ ಕೇಳುವ ಕಿವಿ ಆ ನೆಲಕ್ಕೆ ಹೊಸದಲ್ಲ. ನಮ್ಮ ಕಲಗಿ-ತುರಾ ಲಾವಣಿಯ ಸವಾಲ್-ಜವಾಬ್ ಕೇಳಿದವರೂ ಇದನ್ನು ಬೇಗ ಹಿಡಿಯಬಲ್ಲರು. ಲಾವಣಿಯಲ್ಲಿ ಸವಾಲು ಪುರಾಣದ ಮೇಲೆ, ಇಲ್ಲಿ ಎದುರಾಳಿಯ ಅವ್ವನ ಮೇಲೆ, ಅದೊಂದೇ ಫರಕು.

ನಗಿಸಿ ಗೆದ್ದವರ ಬಗ್ಗೆ ಹಳೇ ಅಭಿಮಾನಿಗಳಿಗೆ ಗುಮಾನಿ. ಮೈಬಣ್ಣ, ಡೊಳ್ಳುಹೊಟ್ಟೆ, ಸಣ್ಣ ಕಣ್ಣಿನ ಮೇಲಿನ ಸವಕಲು ಜೋಕಿಗೆ ಸಿಗುವ ಕೇಕೆ ಅವರ ಲೆಕ್ಕದಲ್ಲಿ ಚಿಲ್ಲರೆ. ಎರಡು ಮೂರು ಅರ್ಥ ಮಡಚಿಟ್ಟ ಸಾಲನ್ನು ಯೂಟ್ಯೂಬಿನಲ್ಲಿ ನಿಲ್ಲಿಸಿ ನಿಲ್ಲಿಸಿ ಸವಿಯುವವರು ಅವರು. ಆದರೆ ಸಭಾಂಗಣದಲ್ಲಿ ನಿಲ್ಲಿಸಲು ಗುಂಡಿಯಿಲ್ಲ, ಅಂಥ ಸಾಲು ಸದ್ದಿಲ್ಲದೆ ಸರಿದುಹೋಗುತ್ತದೆ. ಯುಆರ್‌ಎಲ್ ಪಂದ್ಯಗಳಲ್ಲಿ ಸಾಮಾನ್ಯವಾಗಿ ತೀರ್ಪುಗಾರರೂ ಇರುವುದಿಲ್ಲ. ಒಳಗಿದ್ದವರು ಒಬ್ಬನನ್ನು ಗೆಲ್ಲಿಸಿರುತ್ತಾರೆ, ಪರದೆಯ ಮುಂದಿರುವವರು ಇನ್ನೊಬ್ಬನನ್ನು. ಹುಯಿಲೆಬ್ಬಿಸಿದ್ದು ಗೆದ್ದವನೇ ಕರೆತಂದ ಗೆಳೆಯರ ದಂಡು ಎಂಬ ತಕರಾರು ಬೇರೆ.