ಕಳ್ಳಿಯಲ್ಲದ ಕಳ್ಳಿ: ಮಡಗಾಸ್ಕರದ ಒಂದು ಮುಳ್ಳುಮರದ ಗುರುತು

‘ಕಳ್ಳಿ’ ಎಂಬ ಶಬ್ದವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಮೈಯೆಲ್ಲ ಮಾಂಸಲವಾಗಿ, ಮುಳ್ಳು ತುಂಬಿ, ನೀರಿಲ್ಲದ ನೆಲದಲ್ಲಿಯೂ ಹಸುರಾಗಿ ನಿಂತಿರುವ ಯಾವುದೇ ಗಿಡವನ್ನು ಕಂಡರೂ ನಮ್ಮ ನಾಲಗೆಗೆ ತಾನಾಗಿ ಬರುವ ಮಾತು ಅದು. ಚದುರಗಳ್ಳಿ, ಎಲೆಗಳ್ಳಿ, ಬೊಂತಗಳ್ಳಿ, ಪಾಪಾಸುಕಳ್ಳಿ ಎಂದು ನಾವು ಭೇದಗಳನ್ನು ಹೇಳುತ್ತೇವೆಯಾದರೂ ಇವೆಲ್ಲವೂ ಒಂದೇ ತಾಯಿಯ ಮಕ್ಕಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಸ್ತುತಃ ಮೊದಲಿನ ಮೂರು ಒಂದು ಮನೆತನಕ್ಕೆ ಸೇರಿದವು. ನಾಲ್ಕನೆಯದು ಸಮುದ್ರದಾಚೆಯ ಅಮೆರಿಕದಿಂದ ಬಂದು ನಮ್ಮ ಬೇಲಿಯನ್ನು ಸೇರಿದ ಪರಕೀಯ ಸಸ್ಯ. ಭಾಷೆ ರೂಪವನ್ನು ನೋಡಿ ಹೆಸರಿಟ್ಟಿತು. ಸಸ್ಯಶಾಸ್ತ್ರವಾದರೋ ವಂಶವನ್ನು ನೋಡಿ ಹೆಸರಿಡುತ್ತದೆ. ಇವೆರಡರ ನಡುವಣ ಅಂತರವನ್ನು ಒಂದು ಉದಾಹರಣೆಯಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ವ್ಯಾಕರಣ ಹೇಳುವ ಪಂಡಿತನಿಗೆ ಮರಗಿಡಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಹೆಸರಿಗೂ ವಸ್ತುವಿಗೂ ಇರುವ ಸಂಬಂಧವನ್ನು ವಿಚಾರಿಸುವುದು ಪಂಡಿತನ ಕಸುಬೇ ಆಗಿರುವುದರಿಂದ ಈ ಸಾಹಸಕ್ಕೆ ಅಷ್ಟರಮಟ್ಟಿನ ಅಧಿಕಾರವಿದೆಯೆಂದು ನಂಬಿದ್ದೇನೆ.

ಉದ್ಯೋಗನಿಮಿತ್ತ ಮಡಗಾಸ್ಕರ ದ್ವೀಪಕ್ಕೆ ಹೋಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಅಲ್ಲಿನ ದಕ್ಷಿಣ ಭಾಗದ ಒಂದು ಮರದ ಛಾಯಾಚಿತ್ರಗಳನ್ನು ಕಳುಹಿಸಿ, ‘ಗುರುಗಳೇ, ಇದು ಯಾವ ಕಳ್ಳಿ?’ ಎಂದು ಕೇಳಿದರು. ಮೂರಾಳೆತ್ತರಕ್ಕೂ ಮಿಗಿಲಾದ ಕಂಬದಂತಹ ಬೂದುಬಣ್ಣದ ಕಾಂಡ, ಮೇಲ್ಗಡೆ ಕೈಯೆತ್ತಿದಂತೆ ನಾಲ್ಕಾರು ಕೊಂಬೆಗಳು, ಬುಡದಿಂದ ತುದಿಯವರೆಗೆ ಸುರುಳಿಯಾಗಿ ಸುತ್ತಿದ ಮುಳ್ಳಿನ ಸಾಲು. ನೋಡಿದ ಕ್ಷಣಕ್ಕೆ ಯಾರೇ ಆದರೂ ಕಳ್ಳಿಯೆಂದೇ ಹೇಳುವಂತಹ ಆಕಾರ. ಆ ಪ್ರಾಂತದಲ್ಲಿ ಮಳೆ ವಿರಳ, ಒಣಗಾಲ ದೀರ್ಘ. ಅಲ್ಲಿ ಬೆಳೆದು ನಿಂತಿರುವ ಮುಳ್ಳುಕಾಡು ಪ್ರಪಂಚದ ಬೇರಾವ ಕಡೆಯಲ್ಲಿಯೂ ಇಲ್ಲದಂತಹುದು. ಅಲ್ಲಿ ಇಂತಹ ಆಕಾರದ ಮರಗಳು ಒಂದಲ್ಲ, ಹಲವು. ಆದುದರಿಂದ ಗುರುತಿಸುವ ಕ್ರಮವನ್ನೇ ತಿಳಿಯುವುದು ಮೇಲು.

ಮೊದಲನೆಯ ಪರೀಕ್ಷೆ ಹಾಲಿನದು. ಅಮರಕೋಶದ ವನೌಷಧಿವರ್ಗದಲ್ಲಿ ಕಳ್ಳಿಗೆ ಸ್ನುಹೀ, ಗುಡಾ ಮುಂತಾದ ಹೆಸರುಗಳೊಡನೆ ‘ಸಮಂತದುಗ್ಧಾ’ ಎಂಬುದೊಂದು ಹೆಸರಿದೆ. ಎಲ್ಲ ಕಡೆಯಲ್ಲಿಯೂ ಹಾಲುಳ್ಳದ್ದು ಎಂದು ಅದರ ಅರ್ಥ. ಎಲ್ಲಿ ಗಾಯವಾದರೂ ಅಲ್ಲಿ ಬಿಳಿಯ ಹಾಲು ಒಸರುವುದೇ ಯೂಫೋರ್ಬಿಯಾ ಜಾತಿಯ ಕಳ್ಳಿಗಳ ಮುಖ್ಯ ಲಕ್ಷಣ. ಕೋಶಕಾರನು ಅದನ್ನು ಒಂದೇ ಸಮಾಸದಲ್ಲಿ ಅಡಗಿಸಿಟ್ಟಿದ್ದಾನೆ. ಅಮೆರಿಕದ ಪಾಪಾಸುಕಳ್ಳಿಯನ್ನು ಕೊಯ್ದರೆ ಬರುವುದು ಲೋಳೆಯಂತಹ ನೀರೇ ಹೊರತು ಹಾಲಲ್ಲ. ಮಡಗಾಸ್ಕರದ ಮುಳ್ಳುಕಾಡಿನಲ್ಲಿ ಅಲ್ಲಿಯವರು ‘ಸಮಾತ’ ಎನ್ನುವ ಮರವೊಂದಿದೆ. ಅದಕ್ಕೆ ಎಲೆಯಿಲ್ಲ, ಚಪ್ಪಟೆಯಾದ ಕಿರುಗೊಂಬೆಗಳ ತುದಿಯೇ ಮುಳ್ಳಿನಂತೆ ಮೊನಚಾಗಿದೆ. ಗೀರಿದರೆ ಹಾಲು. ಅದು ನಮ್ಮ ಚದುರಗಳ್ಳಿಗೆ ದಾಯಾದಿ. ನಮ್ಮ ಬೊಂತಗಳ್ಳಿಯೂ ‘ಫಮಾತ’ ಎಂಬ ಹೆಸರಿನಿಂದ ಆ ದ್ವೀಪದಲ್ಲಿದೆ. ಇದರ ಶಾಸ್ತ್ರೀಯ ನಾಮ ‘ಯೂಫೋರ್ಬಿಯಾ ತಿರುಕಳ್ಳಿ’. ಮಲೆಯಾಳದ ‘ತಿರುಕಳ್ಳಿ’ ಎಂಬ ಮಾತು ಹದಿನೇಳನೆಯ ಶತಮಾನದಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥದ ಮೂಲಕ ಲಿನೇಯಸ್ಸನ ಕೈಸೇರಿ 1753ರಲ್ಲಿ ಲ್ಯಾಟಿನ್ ಹೆಸರಾಯಿತು. ಆಫ್ರಿಕದ ಮೂಲದ ಗಿಡ, ದ್ರಾವಿಡದ ಶಬ್ದ, ಸ್ವೀಡನ್ ದೇಶದ ವಿದ್ವಾಂಸ! ‘ಕಳ್ಳಿ’ ಇಂದು ಜಗತ್ತಿನ ಸಸ್ಯಶಾಸ್ತ್ರಜ್ಞರೆಲ್ಲರ ಬಾಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಅಧ್ಯಾಪಕ ಬಂಧುಗಳಿಗೆ ಹೇಳಲೇಬೇಕು. ಹಾಲಿನ ಪರೀಕ್ಷೆಯನ್ನು ಹುಡುಗರ ಕೈಯಲ್ಲಿ ಮಾಡಿಸಬಾರದು. ಕಳ್ಳಿಯ ಹಾಲು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಸಿಡಿದರೆ ಕರಿಯಾಲಿಯ ಮೇಲಣ ಪೊರೆಗೆ ಗಾಯವಾಗಿ ದೃಷ್ಟಿಗೇ ಅಪಾಯವುಂಟು. ಸಿಡಿದ ಕೂಡಲೇ ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉದ್ದನೆಯ ಕಡ್ಡಿಯಿಂದ ದೂರ ನಿಂತು ಲಘುವಾಗಿ ಗೀರಿದರೆ ಪರೀಕ್ಷೆಗೆ ಅಷ್ಟೇ ಸಾಕು.

ನಮ್ಮ ವಿದ್ಯಾರ್ಥಿ ಗೀರಿ ನೋಡಿದಾಗ ಹಾಲು ಬರಲಿಲ್ಲ. ಅಲ್ಲಿಗೆ ಸಮಾತ, ಫಮಾತ ಎರಡೂ ಹೋದುವು.

ಎರಡನೆಯ ಪರೀಕ್ಷೆ ಮುಳ್ಳಿನ ಪೀಠದ್ದು. ಮುಳ್ಳನ್ನು ನೋಡುವವರೇ ಹೆಚ್ಚು. ಅದು ಹುಟ್ಟಿದ ಜಾಗವನ್ನು ನೋಡುವವರು ವಿರಳ. ಅಮೆರಿಕದ ಕಳ್ಳಿಗಳಲ್ಲಿ ಪ್ರತಿಯೊಂದು ಮುಳ್ಳಿನ ಗೊಂಚಲಿನ ಬುಡದಲ್ಲಿ ತುಪ್ಪಳದಂತಹ ಸಣ್ಣದೊಂದು ಮೆತ್ತೆಯಿರುತ್ತದೆ. ನಮ್ಮ ಚದುರಗಳ್ಳಿಯಲ್ಲಿಯಾದರೆ ಮೆತ್ತೆಯಿಲ್ಲ. ಕಾಂಡದ ಏಣಿನ ಮೇಲೆ ಮುಳ್ಳುಗಳು ಜೋಡಿಜೋಡಿಯಾಗಿ ಕುಳಿತಿರುತ್ತವೆ. ಮಡಗಾಸ್ಕರದಲ್ಲಿ ಇನ್ನೊಂದು ಬಗೆಯುಂಟು: ಪ್ಯಾಕಿಪೋಡಿಯಮ್. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದುದು. ಊದಿಕೊಂಡ ದಪ್ಪ ಕಾಂಡ, ತುದಿಯಲ್ಲಿ ಮಾತ್ರ ಉದ್ದನೆಯ ಎಲೆಗಳ ಕುಚ್ಚು. ಬೆಂಗಳೂರಿನ ಸಸಿಮಾರಾಟದ ತೋಟಗಳಲ್ಲಿ ‘ಮಡಗಾಸ್ಕರ್ ಪಾಮ್’ ಎಂಬ ಹೆಸರಿನಿಂದ ಕುಂಡಗಳಲ್ಲಿ ಮಾರುವುದು ಇದರದೇ ಒಂದು ಪ್ರಭೇದವನ್ನು; ಅದರಲ್ಲಿ ಮುಳ್ಳುಗಳು ಮೂರು ಮೂರಾಗಿರುತ್ತವೆ. ತಾಳೆಗೂ ಇದಕ್ಕೂ ಯಾವ ನಂಟೂ ಇಲ್ಲ. ವ್ಯಾಪಾರಿಗಳ ನಾಮಕರಣಕ್ಕೆ ವ್ಯಾಕರಣವಿಲ್ಲವಷ್ಟೆ! ಮನೆಯಲ್ಲಿ ಇದನ್ನು ಇಟ್ಟುಕೊಂಡವರು ಕಣಗಿಲೆಯಂತೆ ಇದೂ ವಿಷದ ಗಿಡವೆಂಬುದನ್ನು ನೆನಪಿಡಬೇಕು.

ಛಾಯಾಚಿತ್ರದ ಮರದಲ್ಲಿ ಮೆತ್ತೆಯಿರಲಿಲ್ಲ, ಜೋಡಿಯಿರಲಿಲ್ಲ, ತ್ರಯವೂ ಇರಲಿಲ್ಲ. ಶಂಕುವಿನಾಕಾರದ ಒಂಟಿ ಮುಳ್ಳುಗಳು ತೊಗಟೆಯ ಮೇಲೆ ಬಿಡಿಬಿಡಿಯಾಗಿದ್ದುವು. ಒಣಗಾಲದ ಚಿತ್ರವಾದುದರಿಂದ ಎಲೆ ಇರಲಿಲ್ಲ. ಮಳೆಯಾದ ಮೇಲೆ ಮತ್ತೆ ನೋಡುವಂತೆ ಬರೆದೆ. ಮರು ಚಿತ್ರ ಬಂದಾಗ ಸಂಶಯವೆಲ್ಲ ಹರಿಯಿತು. ಒಂದೊಂದು ಮುಳ್ಳಿನ ಬುಡದಲ್ಲಿ ಎರಡೆರಡು ಪುಟ್ಟ ದುಂಡನೆಯ ಎಲೆಗಳು ಚಿಗುರಿದ್ದುವು. ಕೊಂಬೆಯ ಉದ್ದಕ್ಕೂ ಎಲೆಗಳ ಸಾಲು ಹೊಲಿದಂತೆ ಕಾಣುತ್ತಿತ್ತು. ಕಾಂಡಕ್ಕೇ ಅಂಟಿಕೊಂಡು ಮುಳ್ಳಿನ ಆಸರೆಯಲ್ಲಿ ಹೊರಡುವ ಈ ಜೋಡಿ ಎಲೆಗಳೇ ‘ಆಲ್ಲುವೋಡಿಯಾ’ ಜಾತಿಯ ಮುದ್ರೆ. ನಮ್ಮ ಶಾಲೆಯ ಜೀವಶಾಸ್ತ್ರದ ಅಧ್ಯಾಪಕರೂ ಪುಸ್ತಕಗಳೊಡನೆ ತಾಳೆನೋಡಿ, ಕಾಂಡದ ಎತ್ತರವನ್ನೂ ಎಲೆಯ ಆಕಾರವನ್ನೂ ಗಮನಿಸಿ, ಇದು ‘ಆಲ್ಲುವೋಡಿಯಾ ಪ್ರೊಸೇರಾ’ ಎಂದು ನಿರ್ಣಯಿಸಿದರು. ಸ್ಥಳೀಯರು ಇದನ್ನು ‘ಫಂತ್ಸಿಓಲೊತ್ಸೆ’ ಎನ್ನುತ್ತಾರೆ.

ಇದು ಡಿಡಿಯರೇಸೀ ಎಂಬ ಸಣ್ಣ ಕುಟುಂಬದ ಮರ. ಮಡಗಾಸ್ಕರದಲ್ಲಿ ಈ ಕುಟುಂಬಕ್ಕೆ ನಾಲ್ಕು ಜಾತಿಗಳು, ಹನ್ನೊಂದು ಪ್ರಭೇದಗಳು. ಅವು ಮತ್ತೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ. 1880ರಲ್ಲಿ ಫ್ರೆಂಚ್ ವಿದ್ವಾಂಸ ಬೈಯೋನ್ ಮೊದಲನೆಯ ಜಾತಿಗೆ ‘ಡಿಡಿಯರಿಯಾ’ ಎಂದು ಹೆಸರಿಟ್ಟನು. ಆ ದ್ವೀಪವನ್ನು ಸುತ್ತಿ ಅಭ್ಯಸಿಸಿದ ಆಲ್ಫ್ರೆಡ್ ಗ್ರಾಂಡಿಡಿಯೆಯ ಗೌರವಾರ್ಥವಾಗಿ ಇಟ್ಟ ಹೆಸರಿದು. ಸತ್ಯಭಾಮೆಯನ್ನು ‘ಭಾಮೆ’ ಎಂದಂತೆ ಇಲ್ಲಿಯೂ ಹೆಸರಿನ ಒಂದು ತುಂಡನ್ನು ಮಾತ್ರ ಹಿಡಿದಿದ್ದಾರೆ. ನಮ್ಮ ಶಾಸ್ತ್ರಕಾರರು ಹೇಳುವ ನಾಮೈಕದೇಶಗ್ರಹಣ ನ್ಯಾಯ ಪ್ಯಾರಿಸ್ಸಿನಲ್ಲಿಯೂ ಸಲ್ಲುತ್ತದೆಯೆಂದಾಯಿತು! 1896ರಲ್ಲಿ ಜರ್ಮನಿಯ ರಾಡ್ಲ್‌ಕೋಫರ್ ಇದಕ್ಕೆ ಪ್ರತ್ಯೇಕ ಕುಟುಂಬವನ್ನು ಕಲ್ಪಿಸಿದನು. 1903ರಲ್ಲಿ ಡ್ರೇಕ್ ಎಂಬವನು ಆಲ್ಲುವೋಡಿಯಾವನ್ನು ಬೇರೆ ಜಾತಿಯಾಗಿ ವಿಂಗಡಿಸಿದನು.

ಈ ಕುಟುಂಬದ ನಂಟು ಯಾರೊಡನೆ ಎಂಬ ಪ್ರಶ್ನೆ ಮಾತ್ರ ಬಹುಕಾಲ ಉಳಿಯಿತು. ಅದನ್ನು ಬಿಡಿಸಲು ನೆರವಾದುದು ಬಣ್ಣ. ದಾಸವಾಳದ ಕೆಂಪೂ ನೇರಳೆಹಣ್ಣಿನ ಕಪ್ಪೂ ಒಂದು ಬಗೆಯ ವರ್ಣದ್ರವ್ಯದಿಂದ ಆದುವು. ಬೀಟ್‌ರೂಟಿನ ಕೆಂಪು, ಕೆಂಪು ದಂಟಿನ ಸೊಪ್ಪಿನ ಕೆಂಪು, ಕಾಗದದ ಹೂವಿನ ಕೆಂಪು ಇವು ಬೀಟಾಲಿನ್ ಎಂಬ ಬೇರೆಯೇ ದ್ರವ್ಯದಿಂದ ಆದುವು. ಒಂದಿರುವ ಗಿಡದಲ್ಲಿ ಇನ್ನೊಂದು ಇರುವುದಿಲ್ಲ. 1960ರ ದಶಕದ ಆದಿಯಲ್ಲಿ ಹೈಡಲ್‌ಬರ್ಗಿನ ವೆರ್ನರ್ ರೌ ಮೊದಲಾದವರು ಡಿಡಿಯರೇಸೀ ಗಿಡಗಳಲ್ಲಿ ಬೀಟಾಲಿನ್ ಇರುವುದನ್ನು ತೋರಿಸಿದರು. ಅಮೆರಿಕದ ಕಳ್ಳಿಗಳಲ್ಲಿಯೂ ಇರುವುದು ಅದೇ. ಡಿಡಿಯರೇಸೀಯ ಕೊಂಬೆಯನ್ನು ಕೆಲವು ಅಮೆರಿಕನ್ ಕಳ್ಳಿಗಳಿಗೆ ಕಸಿಮಾಡಿದರೆ ಕೂಡಿಕೊಳ್ಳುತ್ತದೆಯೆಂಬುದೂ ತಿಳಿದುಬಂತು. ಹೀಗೆ, ಹಾಲಿನ ಕಳ್ಳಿಯ ಪಕ್ಕದಲ್ಲಿ ನಿಂತು ಅದರಂತೆಯೇ ಕಾಣುವ ಮರಕ್ಕೆ ಅದರೊಡನೆ ರಕ್ತಸಂಬಂಧವಿಲ್ಲ. ಸಾಗರದಾಚೆಯ ಪಾಪಾಸುಕಳ್ಳಿಗೆ ಅದು ದೂರದ ಬಂಧು. ಒಣನೆಲವೆಂಬ ಒಂದೇ ಗುರುವಿನಲ್ಲಿ ಓದಿದ ಬೇರೆ ಬೇರೆ ಕುಲದ ಶಿಷ್ಯರು ಒಂದೇ ವೇಷವನ್ನು ತೊಟ್ಟಂತೆ, ನೀರನ್ನು ಮೈಯಲ್ಲಿ ಕೂಡಿಡುವುದು, ಮುಳ್ಳಿನಿಂದ ಕಾಯುವುದು, ಬಿಸಿಲಿನಲ್ಲಿ ಎಲೆ ಉದುರಿಸುವುದು ಈ ಮೂರನ್ನೂ ಅವು ಪ್ರತ್ಯೇಕವಾಗಿ ಕಲಿತುವು.

ಇಂತಹ ಭೇದಗಳನ್ನು ತಿಳಿದು ಆಗಬೇಕಾದುದೇನು ಎಂದು ಕೆಲವರು ಕೇಳಿಯಾರು. ಚರಿತ್ರೆ ಉತ್ತರ ಹೇಳುತ್ತದೆ. ಕೋಚಿನೀಲ್ ಎಂಬ ಕೀಟದಿಂದ ಅಮೂಲ್ಯವಾದ ಕೆಂಪು ಬಣ್ಣ ತೆಗೆಯುವ ಆಸೆಯಿಂದ 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬ್ರೆಜಿಲಿನಿಂದ ಅದನ್ನು ಭಾರತಕ್ಕೆ ತಂದರು. ಬಂದದ್ದು ಬೇಕಾದ ಕೀಟವಲ್ಲ, ಅದರ ದಾಯಾದಿ. ಬಣ್ಣ ಕೀಳಾಯಿತು, ಕೀಟ ಮಾತ್ರ ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸುತ್ತ ಹೋಯಿತು. 1926ರಲ್ಲಿ ಸಿಂಹಳದಿಂದ ಮತ್ತೊಂದು ಪ್ರಭೇದವನ್ನು, ಈ ಸಲ ಗೊತ್ತಿದ್ದೇ, ತಂದು ಬಿಟ್ಟಾಗ ದಕ್ಷಿಣ ಭಾರತದ ಹೊಲಗದ್ದೆಗಳನ್ನು ಆಕ್ರಮಿಸಿದ್ದ ಪಾಪಾಸುಕಳ್ಳಿ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ರೈತರಿಗೆ ಅದು ಬಿಡುಗಡೆ.

ಅದೇ ದಶಕದಲ್ಲಿ ಅದೇ ಕುಲದ ಕೀಟ ಮಡಗಾಸ್ಕರಕ್ಕೂ ಹೋಯಿತು. ಅಲ್ಲಿಯ ದಕ್ಷಿಣದ ಆಂದ್ರೊಯ್ ಪ್ರಾಂತದಲ್ಲಿ, ಫ್ರೆಂಚರು ಹದಿನೆಂಟನೆಯ ಶತಮಾನದಲ್ಲಿ ತಂದಿದ್ದ ಪಾಪಾಸುಕಳ್ಳಿ ಜನರ ಬಾಳಿನಲ್ಲಿ ಹೊಕ್ಕುಹೋಗಿತ್ತು. ಊರಿಗೆ ಕೋಟೆ ಅದೇ, ದನಕ್ಕೆ ಮೇವು ಅದೇ, ಬರಗಾಲದಲ್ಲಿ ಮನುಷ್ಯರಿಗೆ ಹಣ್ಣೂ ನೀರೂ ಅದೇ. ಅವರು ಅದನ್ನು ‘ರಾಕೇತ’ ಎನ್ನುತ್ತಾರೆ. ಚೆಂಡಾಟದ ಬ್ಯಾಟಿಗೆ ಫ್ರೆಂಚರು ಹೇಳುವ ಮಾತಿನಿಂದ ಬಂದ ಹೆಸರು. ನಾವು ಅದೇ ದಳವನ್ನು ನೋಡಿ ‘ಪಾಪಾಸು’, ಎಂದರೆ ಪಾದರಕ್ಷೆ, ಎಂದೆವು. ಕೀಟ ಬಂದ ಕೆಲವೇ ವರ್ಷಗಳಲ್ಲಿ ರಾಕೇತ ಕೊಳೆತು ಬಿದ್ದಿತು. 1930ರ ಸುಮಾರಿಗೆ ಮಳೆಯೂ ಕೈಕೊಟ್ಟಾಗ ದನಗಳು ಹಿಂಡುಹಿಂಡಾಗಿ ಸತ್ತುವು, ಜನರು ಹಸಿವಿನಿಂದ ಸತ್ತರು, ಉಳಿದವರಲ್ಲಿ ಅನೇಕರು ಊರು ಬಿಟ್ಟರು. ಇಲ್ಲಿ ವರವಾದುದು ಅಲ್ಲಿ ಶಾಪವಾಯಿತು. ಆ ಗಿಡದ ಲ್ಯಾಟಿನ್ ಹೆಸರು ಆಳುವವರಿಗೆ ಗೊತ್ತಿರಲಿಲ್ಲವೆಂದಲ್ಲ. ಅದು ಅಲ್ಲಿಯವರಿಗೆ ಏನಾಗಿತ್ತೆಂಬುದು ಗೊತ್ತಿರಲಿಲ್ಲ. ಬರದ ದಿನಗಳಲ್ಲಿ ಇಂದಿಗೂ ಅಲ್ಲಿಯ ದನಗಾಹಿಗಳು ಸಮಾತದ ಕೊಂಬೆಗಳನ್ನು ಕೊಚ್ಚಿ ದನಗಳಿಗೆ ಹಾಕುತ್ತಾರೆ.

ಆಲ್ಲುವೋಡಿಯಾದ ಪಾಡು ಬೇರೆ. ಇದರ ಹಲಗೆಗಳಿಂದ ಆ ಪ್ರಾಂತದವರು ಮನೆ ಕಟ್ಟುತ್ತಾರೆ. ಸೌದೆಗಾಗಿಯೂ ಇದ್ದಲಿಗಾಗಿಯೂ ಕಡಿಯುತ್ತಾರೆ. ಜೋಳದ ಹೊಲಕ್ಕಾಗಿ ಕಾಡನ್ನು ಸುಡುವುದೂ ಉಂಟು. ಸಿಫಾಕ ಎಂಬ ಬಿಳಿಯ ಲೀಮರುಗಳು ಈ ಮುಳ್ಳುಕಂಬಗಳ ನಡುವೆ ಹಾರಾಡುತ್ತ, ಇದರ ಚಿಗುರನ್ನು ತಿನ್ನುತ್ತ ಬದುಕುತ್ತವೆ. ಅಪರೂಪದ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಈ ಕುಟುಂಬ ಸೇರಿರುವುದರಿಂದ ಪರವಾನಗಿಯಿಲ್ಲದೆ ಇದರ ಸಸಿಯನ್ನು ದೇಶದಿಂದ ದೇಶಕ್ಕೆ ಒಯ್ಯುವಂತಿಲ್ಲ. ರಜೆಯಲ್ಲಿ ಬರುವಾಗ ಒಂದು ಕೊಂಬೆಯನ್ನು ಶಾಲೆಯ ತೋಟಕ್ಕೆ ತರಲೇ ಎಂದು ಕೇಳಿದ ನಮ್ಮ ವಿದ್ಯಾರ್ಥಿಗೆ, ಚಿತ್ರವೇ ಸಾಕೆಂದು ತಿಳಿಸಿದ್ದೇನೆ.

ಗುರುತಿಸುವವರನ್ನು ಈ ಮರ ಬಾಲ್ಯದಲ್ಲಿ ಇನ್ನೊಂದು ಬಗೆಯಲ್ಲಿ ವಂಚಿಸುತ್ತದೆ. ಮೊದಲ ಕೆಲವು ವರ್ಷ ಇದಕ್ಕೆ ಕಂಬದಂತಹ ಕಾಂಡವೇ ಇರುವುದಿಲ್ಲ. ನೆಲದ ಮೇಲೆ ಸಿಕ್ಕುಸಿಕ್ಕಾಗಿ ಹರಡಿದ ಮುಳ್ಳಿನ ಪೊದೆಯಂತೆ ಬಿದ್ದಿರುತ್ತದೆ. ಆಮೇಲೆ ಆ ಸಿಕ್ಕಿನ ನಡುವಿನಿಂದ ಒಂದು ಕೊಂಬೆ ಬಲಿತು ನೆಟ್ಟಗೆ ಮೇಲಕ್ಕೇಳುತ್ತದೆ; ಕೆಳಗಿನ ಪೊದೆ ಕ್ರಮೇಣ ಒಣಗಿ ಉದುರುತ್ತದೆ. ಹೊಲ ಹಸನುಮಾಡುವವನ ಕಣ್ಣಿಗೆ ಆ ಪೊದೆ ಕಡಿದು ಸುಡತಕ್ಕ ಮುಳ್ಳುಕಂಟಿಯಾಗಿಯೇ ತೋರುತ್ತದೆ; ಪಕ್ಕದಲ್ಲಿಯೇ ನಿಂತಿರುವ ಕಂಬಮರದ ಮರಿ ಅದೆಂದು ಹೇಳಬಲ್ಲುದು ಮುಳ್ಳಿನ ಬುಡದ ಎಲೆಯೊಂದೇ, ಅದೂ ಮಳೆ ಬಿದ್ದ ನಾಲ್ಕಾರು ವಾರಗಳಲ್ಲಿ.